ಹೊಲಿಗೆ ಕಲಿಯುವವರು ಮೊದಲು ಬಟ್ಟೆಯ ಜಾತಿ ಕಲಿಯಬೇಕೇ?

ಪರ: ಕತ್ತರಿ ಹಿಡಿಯುವ ಮೊದಲು ನೂಲು ಗೊತ್ತಿರಲಿ

ದುಡ್ಡು ಇಸ್ಕೊಂಡು ನಾನು ಹೊಲಿದ ಮೊದಲ ಬ್ಲೌಸ್ ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬದ್ದು. ವಿರಾಜಪೇಟೆ ಹತ್ತಿರದ ನಮ್ಮೂರಲ್ಲಿ ಪಕ್ಕದ ಮನೆ ಅಕ್ಕನಿಗೆ. ಮೇಲೆ ಮೆರೂನ್ ಬಣ್ಣದ ಪಾಲಿಯೆಸ್ಟರ್ ಕ್ರೇಪ್, ಒಳಗೆ ಕಾಟನ್ ಲೈನಿಂಗ್. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಬ್ಬದ ದಿನ ಎಲ್ಲರೂ ಹೊಗಳಿದರು. ಒಂದೇ ಒಂದು ಸಲ ಒಗೆದ ಮೇಲೆ ಬ್ಲೌಸ್ ವಾಪಸ್ ಬಂತು. ಒಳಗಿನ ಲೈನಿಂಗ್ ಕುಗ್ಗಿತ್ತು. ಹೊಲಿಗೆಯ ಉದ್ದಕ್ಕೂ ಮೇಲಿನ ಬಟ್ಟೆ ಸುಕ್ಕು ಸುಕ್ಕಾಗಿ ಎದ್ದು ನಿಂತಿತ್ತು. ಕಂಕುಳಲ್ಲಿ ಹಿಡಿಯುತ್ತಿತ್ತು. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ತಪ್ಪು ಹೊಲಿಗೆಯಲ್ಲಿ ಇರಲಿಲ್ಲ. ಹೊಸ ಕಾಟನ್ ಮೊದಲ ಒಗೆತಕ್ಕೆ ನೂರಕ್ಕೆ ಮೂರರಷ್ಟು ಕುಗ್ಗುವುದು ಮಾಮೂಲಿ, ಕೆಲವು ಬಟ್ಟೆ ಇನ್ನೂ ಜಾಸ್ತಿ. 36 ಇಂಚಿನ ಸುತ್ತಳತೆಯಲ್ಲಿ ಅದು ಒಂದು ಇಂಚಿಗೂ ಮೇಲಾಯಿತು. ಪಾಲಿಯೆಸ್ಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಎರಡನ್ನೂ ಒಂದೇ ಹೊಲಿಗೆಯಲ್ಲಿ ಕಟ್ಟಿಹಾಕಿದರೆ ಇನ್ನೇನಾಗುತ್ತದೆ? ಅಂದಿನಿಂದ ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಕತ್ತರಿಸುತ್ತೇನೆ.

ಬೇರೆ ಊರಿನ ಮಾತು ಹಾಗಿರಲಿ, ಕೊಡಗಿನಲ್ಲಂತೂ ನೂಲಿನ ಗುಣ ತಿಳಿಯದೆ ಬಟ್ಟೆ ಹೊಲಿಯಬಾರದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ನೆನಪು ಮಾಡಿಕೊಳ್ಳಿ. ಹಗ್ಗದ ಮೇಲೆ ಹಾಕಿದ ಕಾಟನ್ ನೈಟಿ ಮೂರನೇ ದಿನವೂ ತಣ್ಣಗೆ ಕೈಗೆ ತಗಲುತ್ತದೆ. ಮಾಮೂಲಿ ಹವೆಯಲ್ಲೇ ನೂರು ಗ್ರಾಂ ಒಣ ಹತ್ತಿ ಗಾಳಿಯಿಂದ ಸುಮಾರು 8 ಗ್ರಾಂ ನೀರು ಎಳೆದುಕೊಂಡಿರುತ್ತದೆ. ಉಣ್ಣೆ ಅದರ ಎರಡರಷ್ಟು. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಅದಕ್ಕೇ ಶಾಲೆಯ ಯೂನಿಫಾರಂಗೆ ಪಾಲಿಯೆಸ್ಟರ್ ಸೇರಿದ ಬಟ್ಟೆ ನಮ್ಮ ಮಳೆಗಾಲಕ್ಕೆ ಹೊಂದುತ್ತದೆ. ಬೇಗ ಒಣಗುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ಅದೇ ಬಟ್ಟೆಯಲ್ಲಿ ಜನವರಿಯ ಬಿಸಿಲಲ್ಲಿ ಕಾಫಿ ಕುಯ್ಯುವವರಿಗೆ ಅಂಗಿ ಹೊಲಿದು ಕೊಟ್ಟರೆ ಬೆವರು ಮೈಮೇಲೇ ನಿಲ್ಲುತ್ತದೆ. ಅವರಿಗೆ ಕಾಟನ್ನೇ ಬೇಕು.

ಒಲೆಯ ಮಾತೂ ಇದೆ. ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸುವುದು ಒಲೆಯ ಹತ್ತಿರ, ಚಳಿ ಕಾಯಿಸುವುದೂ ಅಲ್ಲೇ. ಪಾಲಿಯೆಸ್ಟರ್, ನೈಲಾನ್ ಬಟ್ಟೆಗೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ದಿನವಿಡೀ ಇರುವ ಅಜ್ಜಿಗೆ ಜಾರುವ ನೈಲಾನ್ ನೈಟಿ ಹೊಲಿಯಲು ನನಗೆ ಕೈ ಬರುವುದಿಲ್ಲ.

ಇನ್ನು ಕೊಡವ ಗಂಡಸರ ಉದ್ದ ಕೋಟು ಕುಪ್ಯ, ಅದರ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆ. ವರ್ಷಕ್ಕೆ ಕೆಲವೇ ದಿನ ಪೆಟ್ಟಿಗೆಯಿಂದ ಹೊರಗೆ ಬರುವ ಬಟ್ಟೆ ಅವು. ಉಣ್ಣೆ ಬೆರೆತ ಕುಪ್ಯವನ್ನು ನುಸಿ ತಿನ್ನುತ್ತದೆ. ಕಾಟನ್ ಕುಪ್ಯವನ್ನು ನುಸಿ ಮುಟ್ಟುವುದಿಲ್ಲ, ಆದರೆ ಶೀತಕ್ಕೆ ಬೂಷ್ಟು ಬರುತ್ತದೆ. ರೇಷ್ಮೆ ಚೇಲೆಯನ್ನು ಖಾರವಾದ ಸೋಪಿನ ಪುಡಿಯಲ್ಲಿ ನೆನೆಸಿದರೆ ಹೊಳಪು ಹೋಗುತ್ತದೆ. ರೇಷ್ಮೆ, ಉಣ್ಣೆ ಎರಡೂ ನಮ್ಮ ಕೂದಲಿನ ಹಾಗೆ ಪ್ರೋಟೀನು. ಇದನ್ನು ಹೊಲಿದುಕೊಟ್ಟವರು ಹೇಳದಿದ್ದರೆ ಇನ್ಯಾರು ಹೇಳಬೇಕು?

ಕಲಿಯುವುದು ಕಷ್ಟವೂ ಅಲ್ಲ. ಕಟ್ ಪೀಸಿನ ತುದಿಯಿಂದ ಉದ್ದಕ್ಕೆ ಒಂದು ಎಳೆ, ಅಡ್ಡಕ್ಕೆ ಒಂದು ಎಳೆ ಬಿಡಿಸಿ. ಎರಡನ್ನೂ ಬೇರೆ ಬೇರೆಯೇ ನೋಡಬೇಕು, ಹಾಸು (ಉದ್ದದ ಎಳೆ) ಒಂದು ನೂಲು, ಹೊಕ್ಕು (ಅಡ್ಡದ ಎಳೆ) ಇನ್ನೊಂದು ನೂಲು ಇರುವ ಬಟ್ಟೆಗಳು ಬೇಕಾದಷ್ಟಿವೆ. ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಂಡು, ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಬಂದು, ಒತ್ತಿದರೆ ಪುಡಿಯಾಗುವ ಕರಿ ಉಳಿಯುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಕೊನೆಗೆ ಗಟ್ಟಿ ಮಣಿಯಾಗುತ್ತದೆ. ಆ ಮಣಿಯನ್ನು ಆರಿದ ಮೇಲೆ ಉಗುರಲ್ಲಿ ಒತ್ತಿ ನೋಡಿದವರು ಮತ್ತೆ ಮರೆಯುವುದಿಲ್ಲ. ಹತ್ತು ನಿಮಿಷದ ಕೆಲಸ ಇದು. ಇದಕ್ಕೂ ಸಮಯ ಇಲ್ಲ ಅನ್ನುವವರಿಗೆ ಬೇರೆಯವರ ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಧೈರ್ಯ ಎಲ್ಲಿಂದ ಬರುತ್ತದೋ.

ವಿರೋಧ: ಮೊದಲು ಕೈ ಕಲಿಯಲಿ

ಪರವಾಗಿ ಬರೆದ ಅಕ್ಕನ ಮಾತಲ್ಲಿ ಸುಳ್ಳು ಒಂದೂ ಇಲ್ಲ. ಲೈನಿಂಗ್ ನೆನೆಸಬೇಕು, ನೈಲಾನ್ ಒಲೆಯಿಂದ ದೂರ ಇರಬೇಕು, ಎರಡೂ ಸರಿ. ಆದರೆ ಇವು ಎರಡು ವಾಕ್ಯದ ಮಾತು. ಆಯಾ ದಿನ ಬಟ್ಟೆ ಕೈಗೆ ಬಂದಾಗ ಹೇಳಿದರೆ ಸಾಕು. ಅದಕ್ಕಾಗಿ ಕಲಿಯಲು ಬಂದವರನ್ನು ಮಿಷನ್ ಮುಟ್ಟಿಸದೆ ನೂಲಿನ ಪಾಠಕ್ಕೆ ಕೂರಿಸುವುದು ಬೇಡ ಅನ್ನುವುದು ನನ್ನ ಮಾತು.

ಸುಂಟಿಕೊಪ್ಪದ ಕಡೆ ನಮ್ಮ ಮನೆಯ ಜಗಲಿಯಲ್ಲಿ ನಾನು ಹೊಲಿಗೆ ಹೇಳಿಕೊಡುತ್ತೇನೆ. ಬರುವವರು ತೋಟದ ಕೆಲಸ ಮುಗಿಸಿ, ಮಕ್ಕಳಿಗೆ ತಿಂಡಿ ಕೊಟ್ಟು, ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಬರುತ್ತಾರೆ. ಒಂದು ವರ್ಷ ನಾನೂ ಬಟ್ಟೆ ಪಾಠದಿಂದಲೇ ಶುರು ಮಾಡಿದ್ದೆ. ತುಂಡುಗಳನ್ನು ರಟ್ಟಿಗೆ ಅಂಟಿಸಿ ಹೆಸರು ಬರೆದಿದ್ದೆ. ಮೂರನೇ ದಿನಕ್ಕೆ ಅರ್ಧ ಜನ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬರನ್ನು ಕೇಳಿದೆ. "ಓದೋಕೆ ಬಂದಿದ್ದಲ್ಲ ಅಕ್ಕ, ಹೊಲಿಯೋಕೆ ಬಂದಿದ್ದು" ಅಂದರು. ಅವರ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಈಗ ಮೊದಲ ದಿನವೇ ಹಳೆ ಬೆಡ್‌ಶೀಟ್ ಕತ್ತರಿಸಿ ದಿಂಬಿನ ಕವರ್ ಹೊಲಿಸುತ್ತೇನೆ. ಅದು ಎಷ್ಟೋ ಸಲ ಒಗೆದು ಕುಗ್ಗಿ ಮುಗಿದ ಬಟ್ಟೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಬೇಕಾ?

ಸುಡುವ ಪರೀಕ್ಷೆಯನ್ನೂ ಅಷ್ಟೊಂದು ನಂಬಬೇಡಿ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಬಟ್ಟೆ ಬೆರಕೆ. ಹತ್ತಿ, ಪಾಲಿಯೆಸ್ಟರ್ ಒಂದೇ ಎಳೆಯಲ್ಲಿ ಹೊಸೆದುಕೊಂಡಿದ್ದರೆ ಕಾಗದದ ವಾಸನೆಯೂ ಬರುತ್ತದೆ, ಮಣಿಯೂ ಆಗುತ್ತದೆ. ಯಾವುದು ಎಷ್ಟಿದೆ ಅಂತ ದೀಪ ಹೇಳುವುದಿಲ್ಲ. ರೇಯಾನ್ ಅಂತೂ ಹತ್ತಿಯ ಹಾಗೇ ಉರಿಯುತ್ತದೆ. ಆದರೆ ನೆನೆದರೆ ಹತ್ತಿ ಇನ್ನೂ ಗಟ್ಟಿಯಾಗುತ್ತದೆ, ರೇಯಾನ್ ಬಲ ಕಳೆದುಕೊಳ್ಳುತ್ತದೆ. ಎಳೆಯ ಮಧ್ಯಕ್ಕೆ ನಾಲಿಗೆ ತಾಗಿಸಿ ಜಗ್ಗಿದರೆ ರೇಯಾನ್ ಒದ್ದೆಯಾದಲ್ಲೇ ಕಿತ್ತು ಬರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಅಕ್ಷರ ಬಾರದ ನಮ್ಮತ್ತೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಸೂಜಿಯ ಕೆಳಗೆ ನೂಲಿನ ಜಾತಿಗಿಂತ ನೇಯ್ಗೆ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಪಾಪ್ಲಿನ್ ಕಾಟನ್, ಬನಿಯನ್ ಬಟ್ಟೆಯೂ ಕಾಟನ್. ಪಾಪ್ಲಿನ್ ಮೇಲೆ 14 ನಂಬರ್ ಸೂಜಿ ಸಲೀಸಾಗಿ ಓಡುತ್ತದೆ. ಅದೇ ಸೂಜಿಯಲ್ಲಿ ಬನಿಯನ್ ಬಟ್ಟೆ ಹೊಲಿದರೆ ಹೊಲಿಗೆ ತಪ್ಪುತ್ತದೆ, ಸಣ್ಣ ತೂತು ಬಿದ್ದು ಆಮೇಲೆ ಎಳೆ ಬಿಟ್ಟುಕೊಳ್ಳುತ್ತದೆ. ಮೊಂಡು ತುದಿಯ ಬಾಲ್ ಪಾಯಿಂಟ್ ಸೂಜಿ ಹಾಕಬೇಕು. ಬನಿಯನ್ ಹೆಣೆದ ಬಟ್ಟೆ, ನೇಯ್ದದ್ದಲ್ಲ. ನೂಲು ಹತ್ತಿಯೋ ಪಾಲಿಯೆಸ್ಟರೋ ಅನ್ನುವುದು ಅಲ್ಲಿ ಎರಡನೇ ಮಾತು.

ಓರೆ ಅನ್ನುವುದೂ ಹಾಗೇ. ಬಟ್ಟೆಯನ್ನು ಉದ್ದಕ್ಕೆ ಎಳೆದರೆ ಬಿಗಿ, ಅಡ್ಡಕ್ಕೆ ಸ್ವಲ್ಪ ಸಡಿಲ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರ್ ಹಾಗೆ ಜಗ್ಗುತ್ತದೆ. ಕುತ್ತಿಗೆ ಪಟ್ಟಿಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪೀಸೇ ಯಾಕೆ ಬೇಕು ಅಂತ ಬೋರ್ಡಿನ ಮೇಲೆ ಎಷ್ಟು ಬರೆದರೂ ತಲೆಗೆ ಹತ್ತಲ್ಲ. ನೇರ ಪಟ್ಟಿ ಹಾಕಿ, ಕುತ್ತಿಗೆ ಮಡಚಿಕೊಂಡು, ಬಿಚ್ಚಿ ಮತ್ತೆ ಹಾಕಿದವರಿಗೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಅಕ್ಕನ ಮೆರೂನ್ ಬ್ಲೌಸೂ ಅದನ್ನೇ ಹೇಳುತ್ತದೆ ಅಲ್ವಾ? ಅವರು ಕುಗ್ಗುವುದನ್ನು ಕಲಿತದ್ದು ಹೊಲಿದ ಮೇಲೆ. ಅದಕ್ಕೇ ಇಷ್ಟು ವರ್ಷವಾದರೂ ಮರೆತಿಲ್ಲ. ಆ ಏಟು ಪಕ್ಕದ ಮನೆಯವರ ಬ್ಲೌಸಿನ ಮೇಲೆ ಬೀಳದೆ ಸ್ವಂತ ಲಂಗದ ಮೇಲೆ ಬೀಳುವ ಹಾಗೆ ನೋಡಿಕೊಂಡರಾಯಿತು.

ಹೋದ ತಿಂಗಳು ಒಬ್ಬ ಹುಡುಗಿ ಜಾರ್ಜೆಟ್ ತಂದಿದ್ದಳು. ಎರಡು ತಿಂಗಳಿಂದ ಕವರ್, ಲಂಗ, ನೈಟಿ ಅಂತ ಕಾಟನ್ನಲ್ಲೇ ಹೊಲಿದವಳು. ಎರಡು ಸಲ ಗುರುತು ಹಾಕಿದಳು, ಎರಡು ಸಲವೂ ಬಟ್ಟೆ ಸರಿದು ಗೆರೆ ಸೊಟ್ಟಗಾಯಿತು. ಚಾಕ್‌ಪೀಸ್ ಕೆಳಗಿಟ್ಟು "ಇದ್ಯಾಕಕ್ಕ ಹೀಗೆ ಜಾರ್ತದೆ?" ಅಂದಳು. ತುದಿಯಿಂದ ಒಂದು ಎಳೆ ಬಿಡಿಸಿ ಅವಳ ಅಂಗೈ ಮೇಲೆ ಇಟ್ಟೆ. ಬಟ್ಟೆಯಲ್ಲಿ ನೆಟ್ಟಗಿದ್ದ ನೂಲು ಬಿಡುಗಡೆಯಾದ ತಕ್ಷಣ ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಂಡಿತು. ಜಾರ್ಜೆಟ್ ನೂಲಿಗೆ ಹುರಿ, ಅಂದರೆ ತಿರುಚು, ತುಂಬಾ ಜಾಸ್ತಿ, ಅದಕ್ಕೇ ಅದು ಒಂದು ಕಡೆ ನಿಲ್ಲುವುದಿಲ್ಲ ಅಂದೆ. ಅವಳು ಕಾಟನ್ ತುಂಡಿನಿಂದ ತಾನೇ ಇನ್ನೊಂದು ಎಳೆ ಕಿತ್ತು ಪಕ್ಕದಲ್ಲಿ ಇಟ್ಟುಕೊಂಡಳು. ಅದು ಅಷ್ಟು ಸುತ್ತಲಿಲ್ಲ. ಆಮೇಲೆ ತನ್ನ ಚೂಡಿದಾರದ ವೇಲಿನ ತುದಿಯನ್ನು ಹಿಡಿದು ಬಿಡಿಸತೊಡಗಿದಳು.