ಎಣ್ಣೆ ಹಚ್ಚುವ ಮೊದಲು ಕಾಲಿನ ಬಿಪಿ ನೋಡಿ

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಅರವತ್ತು ದಾಟಿದವರು ನಾಲ್ಕು ಮಂದಿ ಸೇರಿದರೆ ಕಾಲಿನ ರಕ್ತಸಂಚಾರದ ಮಾತು ಬಂದೇ ಬರುತ್ತದೆ. ಒಬ್ಬರಿಗೆ ಸಂಜೆಯಾದರೆ ಪಾದ ಬಾತು ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ. ಇನ್ನೊಬ್ಬರಿಗೆ ನೂರು ಹೆಜ್ಜೆ ಹಾಕುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮತ್ತೊಬ್ಬರಿಗೆ ರಾತ್ರಿ ಅಂಗಾಲು ಉರಿ, ಬೆರಳು ಜೋಮು. ಎಲ್ಲದಕ್ಕೂ ಕಾರಣ ಒಂದೇ ಎಂದು ನಂಬಿರುವುದರಿಂದ ಮದ್ದೂ ಒಂದೇ: ಎಣ್ಣೆ ಕಾಯಿಸಿ ತಿಕ್ಕುವುದು, ಹಂಡೆಯ ಬಿಸಿನೀರು ಹೊಯ್ಯುವುದು, ಕಾಲಿನಡಿಗೆ ದಿಂಬು ಇಡುವುದು. ನಾನಿರುವ ಜರ್ಮನಿಯಲ್ಲಿ ಇದೇ ದೂರು ಹೊತ್ತು ಹೋದವರಿಗೆ ಡಾಕ್ಟರು ಮಾಡಬೇಕಾದ ಮೊದಲ ಕೆಲಸ ಪಾದದ ನಾಡಿ ಮುಟ್ಟುವುದು, ಆಮೇಲೆ ಕಾಲಿನ ಬಿಪಿ ಅಳೆಯುವುದು. ನಮ್ಮೂರು ಅಲ್ಲಿಂದ ತರಿಸಿಕೊಳ್ಳಬೇಕಾದದ್ದು ಈ ಕ್ರಮವೊಂದೇ ಎಂದು ನನ್ನ ಅಭಿಪ್ರಾಯ. ಉಳಿದುದೆಲ್ಲ ನಮ್ಮಲ್ಲೂ ಇದೆ, ಕೆಲವು ಅಲ್ಲಿಗಿಂತ ಚೆನ್ನಾಗಿಯೇ ಇದೆ.

ಹೃದಯದಿಂದ ಕೆಳಗಿಳಿಯುವ ರಕ್ತ ಅಪಧಮನಿಯಲ್ಲಿ ಬರುತ್ತದೆ, ಪಾದದಿಂದ ಮೇಲೇರುವುದು ಅಭಿಧಮನಿಯಲ್ಲಿ. ಇಳಿಯುವ ದಾರಿ ಕಟ್ಟಿದರೆ ಕಾಲಿಗೆ ರಕ್ತ ಸಾಲದು. ಏರುವ ದಾರಿ ಕೆಟ್ಟರೆ ಬಂದ ರಕ್ತ ಕೆಳಗೇ ನಿಲ್ಲುತ್ತದೆ. ಮೊದಲನೆಯದರಲ್ಲಿ ನಡೆದಾಗ ನೋವು, ನಿಂತರೆ ಕೆಲವೇ ನಿಮಿಷಗಳಲ್ಲಿ ಮಾಯ. ಪಾದ ತಣ್ಣಗೆ, ಕೂದಲು ಉದುರಿ ಚರ್ಮ ತೆಳ್ಳಗೆ ಹೊಳೆಯುತ್ತದೆ, ಗಾಯವಾದರೆ ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಆಗುತ್ತದೆ. ಕಾಯಿಲೆ ಬಲಿತಾಗ ಮಲಗಿದರೆ ನೋವು ಏಳುತ್ತದೆ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ತುಸು ಹಿತ. ಎರಡನೆಯದು ಪೂರ್ತಿ ತಿರುಗುಮುರುಗು: ನಿಂತಷ್ಟೂ ಭಾರ, ನಡೆದರೆ ಹಗುರ, ಕಾಲೆತ್ತಿ ಮಲಗಿದರೆ ಆರಾಮ. ಪಾದದ ಒಳಗಂಟಿನ ಮೇಲ್ಭಾಗದಲ್ಲಿ ಚರ್ಮ ಕಂದಾಗಿ ತುರಿಸುತ್ತದೆ, ಹುಣ್ಣೂ ಅಲ್ಲೇ ಏಳುತ್ತದೆ. ಆ ದಿಂಬು ಎರಡನೆಯವರಿಗೆ ಮದ್ದು. ಮೊದಲನೆಯವರಿಗೆ ಅದು ಇಳಿಯುತ್ತಿದ್ದ ಅಷ್ಟಿಷ್ಟು ರಕ್ತಕ್ಕೂ ತಡೆ.

ಕಾಲಿನ ಬಿಪಿ ನೋಡುವುದು ಕಷ್ಟದ ಕೆಲಸವಲ್ಲ. ರೋಗಿ ಐದರಿಂದ ಹತ್ತು ನಿಮಿಷ ಅಂಗಾತ ಮಲಗಿರಬೇಕು. ಮಾಮೂಲಿ ಬಿಪಿ ಪಟ್ಟಿಯನ್ನು ಪಾದದ ಗಂಟಿನ ಸ್ವಲ್ಪ ಮೇಲೆ ಸುತ್ತಿ, ರಕ್ತ ಹರಿಯುವ ಶಬ್ದ ಕೇಳಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಡಾಪ್ಲರ್ ಯಂತ್ರವನ್ನು ನಾಡಿಯ ಮೇಲೆ ಓರೆಯಾಗಿ ಹಿಡಿಯುತ್ತಾರೆ. ಶಬ್ದ ನಿಲ್ಲುವವರೆಗೆ ಗಾಳಿ ತುಂಬಿ, ಅದಕ್ಕೂ 20 ಅಂಕ ಮೇಲೇರಿಸಿ, ನಿಧಾನವಾಗಿ ಇಳಿಸುತ್ತಾ ಬಂದರೆ ಶಬ್ದ ಮರಳುವ ಅಂಕವೇ ಕಾಲಿನ ಬಿಪಿಯ ಮೇಲಿನ ಅಂಕ (ಸಿಸ್ಟಾಲಿಕ್). ಪಾದದ ಮೇಲಿನ ನಾಡಿ, ಒಳಗಂಟಿನ ಹಿಂದಿನ ನಾಡಿ, ಎರಡರಲ್ಲೂ ನೋಡಿ ಹೆಚ್ಚಿನದನ್ನು ಹಿಡಿಯಬೇಕು. ಅದನ್ನು ತೋಳಿನ ಬಿಪಿಯ ಮೇಲಿನ ಅಂಕದಿಂದ ಭಾಗಿಸಬೇಕು. ತೋಳಿನಲ್ಲೂ ಎರಡು ಕೈಗಳಲ್ಲಿ ಹೆಚ್ಚು ಇರುವುದೇ ಲೆಕ್ಕ. ತೋಳಿನಲ್ಲಿ 140, ಕಾಲಿನಲ್ಲಿ 98 ಇದ್ದರೆ 0.70. ಸರಿ ಇರುವ ಕಾಲಿನದ್ದು 1.0ರಿಂದ 1.4ರೊಳಗೆ. 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಧಮನಿ ಕಟ್ಟಿದೆ ಎಂದರ್ಥ. ಇಲ್ಲೊಂದು ಮೋಸವಿದೆ. ಬಹಳ ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಅದು ಪಟ್ಟಿಗೆ ಬಗ್ಗುವುದಿಲ್ಲ, ಅಂಕ 1.4 ದಾಟುತ್ತದೆ, ಅಥವಾ ಸುಳ್ಳೇ 'ನಾರ್ಮಲ್' ತೋರಿಸುತ್ತದೆ. ಅಂಥವರಿಗೆ ಹೆಬ್ಬೆರಳಿಗೆ ಸಣ್ಣ ಪಟ್ಟಿ ಸುತ್ತಿ ಅಳೆಯಬೇಕು. ಮನೆಯ ಡಿಜಿಟಲ್ ಬಿಪಿ ಮಿಷನ್ನನ್ನು ಕಾಲಿಗೆ ಸುತ್ತಿ ಲೆಕ್ಕ ಹಾಕಲು ಹೋಗಬೇಡಿ. ರಕ್ತ ಕಡಿಮೆ ಇರುವ ಕಾಲಿನಲ್ಲೇ ಅದು ಹೆಚ್ಚು ತಪ್ಪುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು ನಾಡಿ ಮುಟ್ಟಿ ನೋಡುವುದು. ಹೆಬ್ಬೆರಳು ಮತ್ತು ಪಕ್ಕದ ಬೆರಳ ನಡುವಿನಿಂದ ಪಾದದ ಮಧ್ಯಕ್ಕೆ ಬಂದು ಮೂರು ಬೆರಳು ಹಗುರವಾಗಿ ಇಡಿ. ಕೆಲವರಿಗೆ ಹುಟ್ಟಿನಿಂದಲೇ ಆ ನಾಡಿ ಅಲ್ಲಿ ಸಿಗುವುದಿಲ್ಲ, ಆಗ ಒಳಗಂಟಿನ ಹಿಂದೆ ಹುಡುಕಿ. ಎರಡೂ ಕಡೆ ಸಿಗದಿದ್ದರೆ ಮಲಗಿಸಿ ಕಾಲನ್ನು ಒಂದೆರಡು ನಿಮಿಷ ಅರ್ಧಕ್ಕೆ ಎತ್ತಿ ಹಿಡಿಯಿರಿ. ಅಂಗಾಲು ಬಿಳುಚಿ, ಕೂರಿಸಿ ಇಳಿಬಿಟ್ಟ ಮೇಲೆ ಕಡುಗೆಂಪಾದರೆ ಮಾತು ಮುಗಿಯಿತು, ಡಾಕ್ಟರ ಬಳಿ ಹೋಗಿ.

ಅಲ್ಲಿ ಎಲ್ಲವೂ ಚೆಂದ ಎಂದು ಹೇಳುತ್ತಿಲ್ಲ. ಜರ್ಮನಿಯಲ್ಲಿ ರಕ್ತನಾಳದ ತಜ್ಞರ ಸರದಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಮಂಗಳೂರಿನಲ್ಲಿ ಬೆಳಗ್ಗೆ ಬಸ್ಸು ಹತ್ತಿದವರು ಸಂಜೆಯೊಳಗೆ ಕಲರ್ ಡಾಪ್ಲರ್ ಸ್ಕ್ಯಾನಿನ ರಿಪೋರ್ಟ್ ಹಿಡಿದು ಮನೆ ಸೇರುತ್ತಾರೆ. ನಮ್ಮ ಸಮಸ್ಯೆ ಬೇರೆ: ಸ್ಕ್ಯಾನ್ ಯಾವುದಕ್ಕೆ ಎಂದು ಕೇಳುವವರಿಲ್ಲ. ಅಪಧಮನಿಯದ್ದು, ಅಭಿಧಮನಿಯದ್ದು ಎರಡು ಬೇರೆ ಬೇರೆ ಪರೀಕ್ಷೆ. ಉಬ್ಬಿದ ರಕ್ತನಾಳಗಳ, ಅಂದರೆ ವೆರಿಕೋಸ್‌ನ ಸ್ಕ್ಯಾನನ್ನು ರೋಗಿಯನ್ನು ನಿಲ್ಲಿಸಿಯೇ ಮಾಡಬೇಕು. ಮಲಗಿಸಿ ಮಾಡಿದರೆ ರಕ್ತ ಹಿಂದಕ್ಕೆ ಬೀಳುವುದು ಕಾಣದೇ ಹೋಗಬಹುದು. ಚೀಟಿಯಲ್ಲಿ ಏನು ಬರೆದಿದ್ದಾರೆ, ನಿಲ್ಲಿಸಿ ಮಾಡುತ್ತಾರೆಯೇ, ಎರಡನ್ನೂ ಕೇಳಿ. ಮುಜುಗರ ಬೇಡ.

ಅಪಧಮನಿ ಕಟ್ಟಿದವರಿಗೆ ಅಲ್ಲಿ ಗುಳಿಗೆಯ ಜೊತೆಗೆ ನಡಿಗೆಯನ್ನೂ ಬರೆದುಕೊಡುತ್ತಾರೆ, ಅದಕ್ಕಾಗಿಯೇ ಗುಂಪುಗಳಿವೆ. ನಮ್ಮಲ್ಲಿ ಮಂಗಳೂರಿನ ಕದ್ರಿ ಪಾರ್ಕಿದೆ, ಉಡುಪಿಯ ಅಜ್ಜರಕಾಡು ಇದೆ, ನಡೆಯುವವರೂ ಇದ್ದಾರೆ. ಆದರೆ ನೋವು ಬಂದ ಕೂಡಲೇ 'ಮಾರಾಯ್ರೆ, ಇನ್ನು ಸಾಕು' ಎಂದು ಮನೆಗೆ ತಿರುಗುತ್ತಾರೆ. ಕ್ರಮ ಹೀಗಿದೆ: ಸಮತಟ್ಟಿನಲ್ಲಿ ನಡೆಯಲು ತೊಡಗಿ, ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ನಡೆಯಬೇಕು. ನಿಂತು ಅಥವಾ ಕೂತು ಅದು ಪೂರ್ತಿ ಇಳಿಯಲು ಬಿಡಬೇಕು. ಮತ್ತೆ ನಡೆಯಬೇಕು. ಹೀಗೆ ಒಟ್ಟು 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ಕಟ್ಟಿದ ನಾಳ ಇದರಿಂದ ತೆರೆಯುವುದಿಲ್ಲ. ಸ್ನಾಯು ಇದ್ದ ರಕ್ತದಲ್ಲೇ ಹೆಚ್ಚು ಕೆಲಸ ಮಾಡಲು ಕಲಿಯುತ್ತದೆ, ಸುತ್ತಲಿನ ಸಣ್ಣ ನಾಳಗಳೂ ಹಿಗ್ಗುತ್ತವೆ. ನಾಲ್ಕನೇ ವಾರಕ್ಕೆ ಏನೂ ಆಗಲಿಲ್ಲ ಎಂದು ಬಿಡುವವರೇ ಹೆಚ್ಚು. ಎದೆನೋವು ಇರುವವರು, ಪಾದದಲ್ಲಿ ಗಾಯ ಇರುವವರು, ಮಲಗಿದಾಗಲೂ ನೋವಿರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಕೊಲೆಸ್ಟರಾಲಿನ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇವರಿಗೆ ಸಾಮಾನ್ಯವಾಗಿ ಜೀವನವಿಡೀ ಬೇಕು. ಬೆಳ್ಳುಳ್ಳಿ ತಿನ್ನಿ, ಬೇಡವೆನ್ನುವುದಿಲ್ಲ, ಮಾತ್ರೆಯ ಜಾಗದಲ್ಲಿ ಮಾತ್ರ ಬೇಡ.

ತಂಬಾಕಿನ ವಿಷಯ ನಮ್ಮ ಜಿಲ್ಲೆಗಳಿಗೆ ಎರಡು ಪಟ್ಟು ಹತ್ತಿರದ್ದು. ಬೀಡಿ ಸೇದುವ ಚಿಕ್ಕ ಪ್ರಾಯದ ಗಂಡಸರಲ್ಲಿ ಕಾಣುವ ಬರ್ಗರ್ ಕಾಯಿಲೆಯನ್ನು ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ. ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿ, ಬೆರಳು ಕಪ್ಪಾಗಿ ಕತ್ತರಿಸಬೇಕಾದ ಹಂತ ತಲುಪುತ್ತದೆ. ಪೂರ್ತಿ ಬಿಟ್ಟರೆ ಕಾಯಿಲೆ ಬಹುಪಾಲು ನಿಲ್ಲುತ್ತದೆ, ದಿನಕ್ಕೆ ಒಂದೆರಡಕ್ಕೆ ಇಳಿಸಿದರೆ ನಿಲ್ಲುವುದಿಲ್ಲ, ಅಗಿಯುವ ತಂಬಾಕಿಗೂ ಅದೇ ಮಾತು. ಬೀಡಿ ಕಟ್ಟುವ ಹೆಂಗಸರದ್ದು ಇನ್ನೊಂದು ಬಗೆ. ತಡ್ಪೆ (ಮೊರ) ಮಡಿಲಲ್ಲಿಟ್ಟು, ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಲೆಕ್ಕ ತುಂಬುವವರೆಗೆ ಗಂಟೆಗಟ್ಟಲೆ ಕಾಲು ಅಲುಗದು.

ಅಲುಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾವಿಯ ಪಂಪು ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಮೀನಖಂಡವೇ ಪಂಪು, ಅಭಿಧಮನಿಯೊಳಗಿನ ಕವಾಟಗಳೇ ಫುಟ್‌ವಾಲ್ವ್. ಹೆಜ್ಜೆ ಹಾಕಿದಾಗ ಸ್ನಾಯು ಹಿಂಡಿ ರಕ್ತ ಮೇಲೇರುತ್ತದೆ, ಕವಾಟ ಮುಚ್ಚಿ ಅದನ್ನು ಹಿಡಿಯುತ್ತದೆ. ಕದಲದೆ ನಿಂತವರ ಪಾದದ ಗಂಟಿನ ಬಳಿ ಅಭಿಧಮನಿಯ ಒತ್ತಡ ಸುಮಾರು 80ರಿಂದ 90 ಇದ್ದರೆ, ನಡೆಯುವಾಗ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸೋರಿದರೆ ಇಳಿಯುವುದಿಲ್ಲ, ದಿನವಿಡೀ ಅಷ್ಟು ಒತ್ತಡ ತಿಂದ ಚರ್ಮ ಕೊನೆಗೆ ಒಡೆಯುತ್ತದೆ. ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ, ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತವರ ಕಾಲಿಗೆ ಆಗುವುದು ಇದೇ. ಗಡಿಯಾಚೆಯ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಸೌಕರ್ಯ ಕೊಡಬೇಕೆಂದು ಕಾನೂನು ತಂದವು. ಗಡಿಯ ತಲಪಾಡಿ ದಾಟಿದರೆ ಇರುವ ಕುರ್ಚಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಏಕೆ ದುಬಾರಿಯಾಗಬೇಕು? ಕುರ್ಚಿ ಸಿಗುವವರೆಗೆ, ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಬೀಡಿ ಕಟ್ಟುವವರು ಕಾಲು ಚಾಚಿ ಪಾದವನ್ನು ತಮ್ಮ ಕಡೆಗೆ ಎಳೆದು, ಆಚೆಗೆ ತಳ್ಳಿದರೂ ಪಂಪು ಓಡುತ್ತದೆ.

ಅಭಿಧಮನಿಯ ತೊಂದರೆಗೆ ಒತ್ತುವ ಕಾಲುಚೀಲ ಜರ್ಮನಿಯಲ್ಲಿ ಡಾಕ್ಟರ ಚೀಟಿಯ ವಸ್ತು. ಬೆಳಗ್ಗೆ, ಕಾಲು ಬಾಯುವ ಮೊದಲು, ಅಂಗಡಿಯಲ್ಲಿ ಗಂಟಿನ ಮೇಲಿನ ಸಪೂರ ಜಾಗದಿಂದ ಹಿಡಿದು ಮೇಲಿನವರೆಗೆ ಟೇಪು ಹಿಡಿದು ಅಳೆಯುತ್ತಾರೆ. ವಿಮೆ ಹೆಚ್ಚಿನ ಹಣ ಭರಿಸುತ್ತದೆ, ರೋಗಿ ಕೊಡುವುದು ಸಾಮಾನ್ಯವಾಗಿ 5ರಿಂದ 10 ಯೂರೊ. ನಮ್ಮಲ್ಲಿ ಮೆಡಿಕಲ್‌ನಲ್ಲಿ 'ಎಂ ಸೈಜ್ ಕೊಡಿ' ಎಂದರೆ ಮುಗಿಯಿತು. ಪೆಟ್ಟಿಗೆಯ ಮೇಲಿನ 'ಕ್ಲಾಸ್ 2' ನಂಬಬೇಡಿ. ಜರ್ಮನ್ ಲೆಕ್ಕದ ಕ್ಲಾಸ್ 2 ಎಂದರೆ ಪಾದರಸದ 23ರಿಂದ 32 ಮಿಲಿಮೀಟರ್ ಒತ್ತಡ, ಬ್ರಿಟಿಷ್ ಲೆಕ್ಕದಲ್ಲಿ 18ರಿಂದ 24. ಒತ್ತಡದ ಅಂಕ ಓದಿ ತೆಗೆದುಕೊಳ್ಳಿ. ಕಾಲಿನ ಬಿಪಿ ನೋಡದೆ ತೆಗೆದುಕೊಳ್ಳಲೇಬೇಡಿ. ಅಪಧಮನಿ ಚೆನ್ನಾಗಿ ಕಟ್ಟಿದ ಕಾಲಿಗೆ ಬಿಗಿ ಚೀಲ ಹಾಕಿದರೆ ಚರ್ಮವೇ ಸತ್ತುಹೋಗಬಹುದು.

ಹಾಸಿಗೆಯಿಂದ ಏಳುವ ಮೊದಲೇ ಚೀಲ ಹಾಕಬೇಕು. ಒಳಮೈ ಹೊರಗೆ ಮಾಡಿ ಹಿಮ್ಮಡಿಯವರೆಗೆ ಮಾತ್ರ ಮಗುಚಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ರಬ್ಬರ್ ಗ್ಲೌಸ್ ಹಾಕಿದ ಅಂಗೈಯಲ್ಲಿ ಸವರುತ್ತಾ ಏರಿಸಿ. ಉಗುರಿನಲ್ಲಿ ಎಳೆದರೆ ನೂಲು ಹರಿಯುತ್ತದೆ. ಮೊಣಕಾಲಿನ ಕೆಳಗೆ ಎರಡು ಬೆರಳು ಜಾಗ ಬಿಟ್ಟು ನಿಲ್ಲಿಸಿ, ಉಳಿದುದನ್ನು ಮಡಚಬೇಡಿ. ಮಡಚಿದ ಕಡೆ ಒತ್ತಡ ಹೆಚ್ಚಿ ಹಗ್ಗ ಬಿಗಿದಂತಾಗುತ್ತದೆ. ಎಣ್ಣೆ ರಾತ್ರಿ, ಚೀಲ ತೆಗೆದ ಮೇಲೆ. ಎಣ್ಣೆ ಕುಡಿದ ಎಳೆ ಬೇಗ ಸಡಿಲವಾಗುತ್ತದೆ. ಕರಾವಳಿಯ ಏಪ್ರಿಲ್-ಮೇ ಸೆಖೆಯಲ್ಲಿ ಇದನ್ನು ಹಾಕಿಕೊಳ್ಳುವುದು ಶಿಕ್ಷೆಯೇ ಸರಿ, ಜರ್ಮನಿಯ ನಿಯಮ ಇಲ್ಲಿ ಹಾಗೆಯೇ ನಡೆಯದು. ಬೆರಳು ತೆರೆದ, ಮೊಣಕಾಲಿನವರೆಗಿನ, ಒಂದು ಮಟ್ಟ ಕಡಿಮೆ ಒತ್ತಡದ ಚೀಲವನ್ನು ನಿಲ್ಲುವ ಹೊತ್ತಿಗಾದರೂ ಹಾಕುವುದು, ಬಿಗಿಯಾದದ್ದನ್ನು ಕೊಂಡು ಕಪಾಟಿನಲ್ಲಿ ಇಡುವುದಕ್ಕಿಂತ ಮೇಲು. ಮಳೆಗಾಲಕ್ಕೆ ಎರಡು ಜೊತೆ ಬೇಕು, ಜೂನ್-ಜುಲೈಯಲ್ಲಿ ರಾತ್ರಿ ಒಗೆದದ್ದು ಬೆಳಗ್ಗೆ ಒಣಗಿರುವುದಿಲ್ಲ. ಒಲೆಯ ಮೇಲೆ ಒಣಗಿಸಬೇಡಿ. ಆರು ತಿಂಗಳಿಗೆ ಬದಲಿಸಿ.

ಜರ್ಮನರಿಗೂ ಅವರದೇ ಮನೆಮದ್ದುಗಳಿವೆ. ಕಾಡು ಚೆಸ್ಟ್‌ನಟ್ ಬೀಜದ ಮುಲಾಮು ಅಲ್ಲಿ ನಮ್ಮ ನೋವಿನೆಣ್ಣೆಯಷ್ಟೇ ಧಾರಾಳ. ಸೋರುವ ಕವಾಟಕ್ಕೆ ಅದೂ ಏನೂ ಮಾಡದು. ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821-1897) ಜನಪ್ರಿಯಗೊಳಿಸಿದ ನೀರು ತುಳಿಯುವ ಪದ್ಧತಿಗೆ ಪಾರ್ಕುಗಳಲ್ಲಿ ಇಂದಿಗೂ ತೊಟ್ಟಿಗಳಿವೆ. ಮೊಣಕಾಲಿನ ಕೆಳಗಿನವರೆಗೆ ತಣ್ಣೀರು, ಪ್ರತಿ ಹೆಜ್ಜೆಗೂ ಕಾಲನ್ನು ನೀರಿನಿಂದ ಪೂರ್ತಿ ಎತ್ತುವುದು, ಚಳಿ ಕಚ್ಚುವ ಮೊದಲು ಹೊರಬಂದು ನಡೆದು ಬೆಚ್ಚಗಾಗುವುದು. ವೆರಿಕೋಸ್‌ನವರಿಗೆ ಹಿತ. ಅಪಧಮನಿ ಕಟ್ಟಿದವರಿಗೆ, ಕಾಲಿನ ಸ್ಪರ್ಶ ಹೋದವರಿಗೆ ನಿಷಿದ್ಧ. ಮಲ್ಪೆ, ಪಣಂಬೂರಿನ ಬೆಚ್ಚನೆ ಕಡಲನೀರಿನಲ್ಲಿ ತಣ್ಣೀರಿನ ಗುಣ ಇಲ್ಲವಾದರೂ ಮೊಣಕಾಲುದ್ದ ನೀರಿನಲ್ಲಿ ನಡೆದರೆ ನೀರೇ ಕಾಲನ್ನು ಒತ್ತುತ್ತದೆ. ಆದರೆ ಉಪ್ಪುನೀರು ಗಾಯ ಮಾಯಿಸುತ್ತದೆ ಎಂದು ಹುಣ್ಣಿನ ಕಾಲನ್ನು ಕಡಲಿಗೆ ಇಳಿಸುವುದು ಅಪಾಯ. ಬೆಚ್ಚನೆಯ ಕಡಲನೀರಿನ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ, ಸಕ್ಕರೆ ಅಥವಾ ಲಿವರ್ ಕಾಯಿಲೆಯವರ ಗಾಯ ಹೊಕ್ಕರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರಬಹುದು.

ಉರಿ, ಜೋಮು, ಸೂಜಿ ಚುಚ್ಚಿದಂತಾಗುವುದು ಎರಡೂ ಪಾದದಲ್ಲಿ ಸಮನಾಗಿ ಇದ್ದರೆ ಬಹಳ ಸಲ ಅದು ರಕ್ತದ್ದಲ್ಲ, ಸಕ್ಕರೆ ಕಾಯಿಲೆಯಿಂದ ನರ ಕೆಟ್ಟದ್ದು. ಇಂಥವರಿಗೆ ಹಂಡೆಯ ನೀರು ಸುಟ್ಟದ್ದು ತಿಳಿಯುವುದಿಲ್ಲ, ಮೊಣಕೈ ಅದ್ದಿ ಬಿಸಿ ನೋಡಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಾದ ಕಲ್ಲು ಬರಿಗಾಲಲ್ಲಿ ದಾಟಿ ಅಂಗಾಲು ಬೊಬ್ಬೆಯೆದ್ದ ಮೇಲೆ ರಾತ್ರಿ ಗೊತ್ತಾಗುವುದೂ ಇವರಿಗೇ. ಬೆಳಗ್ಗೆ ಹೋಗಿ, ಅಥವಾ ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ. ಬಾವು ಬೆಳಗ್ಗೆಯೂ ಇಳಿಯದೆ, ಎರಡನೇ ಬೆರಳ ಬುಡದ ಚರ್ಮ ಚಿವುಟಲು ಬರದಷ್ಟು ದಪ್ಪವಾಗಿದ್ದರೆ ಅದು ದುಗ್ಧರಸ (ಲಿಂಫ್) ಹರಿಯದೆ ನಿಂತದ್ದಿರಬಹುದು, ಆನೆಕಾಲು ಇದ್ದ ನಮ್ಮ ಜಿಲ್ಲೆಗಳಲ್ಲಿ ಅದನ್ನು ಮರೆಯಬಾರದು. ಆಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯೂ ಕಾಲು ಬಾಯಿಸುತ್ತದೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಎಣ್ಣೆ ಮುಟ್ಟಲೇಬಾರದ ಕಾಲು ಎರಡು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಪರೇಷನ್ ಆದ ಮೇಲೆ, ಬಾಣಂತಿಯರಲ್ಲಿ, ರಾತ್ರಿಯಿಡೀ ಕಾಲು ಮಡಚಿ ಪ್ರಯಾಣ ಮಾಡಿದವರಲ್ಲಿ ಇದು ಹೆಚ್ಚು. ತಿಕ್ಕಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ಸ್ಕ್ಯಾನ್ ಆಗಬೇಕು. ಇನ್ನೊಂದು, ಕಾಲು ಹಠಾತ್ತನೆ ತಣ್ಣಗಾಗಿ, ಬಿಳುಚಿ, ವಿಪರೀತ ನೋವೆದ್ದು, ನಾಡಿ ಸಿಗದಿರುವುದು. ಇದಕ್ಕೆ ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯುವಂತೆ ಮಾಡದಿದ್ದರೆ ಕಾಲು ಉಳಿಯುವುದು ಕಷ್ಟ. ಬಿಸಿನೀರಿನ ಚೀಲ ಇಡಬೇಡಿ, ಕಾಲನ್ನು ಎತ್ತಿಡಬೇಡಿ, ಬೆಳಗಾಗಲಿ ಎನ್ನಬೇಡಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ರಕ್ತನಾಳದ ಸರ್ಜನ್ ಈಗ ಸಿಗುತ್ತಾರೆಯೇ ಎಂದು ಕೇಳಿ. ಇಲ್ಲ ಎಂದರೆ ಮುಂದಿನ ಆಸ್ಪತ್ರೆಗೆ ಕೇಳಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ರೋಗಿ ತೆಗೆದುಕೊಳ್ಳುವ ಮಾತ್ರೆಗಳ ಜೊತೆ ಕೈಯಲ್ಲಿ ಹಿಡಿದುಕೊಂಡು ಹೋಗಿ.