ಖರೆ ಅಂತ ಬರೆದವಳ ಭಾಷೆ ತಪ್ಪಲ್ಲ

ಇವತ್ತು ಮುಂಜಾನೆ ನೋಡಿದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಬರೆದರೆ ಹೋದೀತು ಅಂತ ಕೂತಿದ್ದೇನೆ.

ರಾಯಚೂರು ಕಡೆಯ ನಮ್ಮ ಓಣಿಯಲ್ಲಿ ಒಂದು ಹೋಟೆಲಿದೆ, ನಾನು ದಿನಾ ಮಂಡಾಳು (ಮಂಡಕ್ಕಿ) ಒಗ್ಗರಣೆ, ಮಿರ್ಚಿ ತಿನ್ನುವುದು ಅಲ್ಲೇ. ಅಲ್ಲಿ ಪೇಪರು ಬಂದ ಕೂಡಲೇ ಪದಬಂಧದ ಪುಟಕ್ಕೆ ಎಲ್ಲರೂ ಕೈ ಹಾಕುತ್ತಾರೆ. ಇವತ್ತು ಅದು ಹೋಟೆಲಿನವರ ಮಗಳಿಗೆ ಸಿಕ್ಕಿತ್ತು. ಎಂಟನೇ ಕ್ಲಾಸಿನ ಹುಡುಗಿ. ಶಾಲೆಗೆ ಹೋಗುವ ಮೊದಲು ನಾಲ್ಕು ಪದ ತುಂಬಿಯೇ ಹೋಗುತ್ತಾಳೆ. ಸುಳಿವು 'ನಿಜ', ಎರಡು ಅಕ್ಷರ. ಅವಳು ಯೋಚನೆಯನ್ನೇ ಮಾಡದೆ 'ಖರೆ' ಅಂತ ಬರೆದಳು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿದರು. "ಖರೆ ಅನ್ನೋದು ಕನ್ನಡ ಅಲ್ಲವ್ವಾ, ಅದು ಹಳ್ಳಿ ಮಾತು. ಸತ್ಯ ಅಂತ ಬರಿ" ಅಂದರು. ಹುಡುಗಿ ಖರೆ ಹೊಡೆದು ಹಾಕಿದಳು. ಮೇಲೆ ಒತ್ತೊತ್ತಾಗಿ ಸತ್ಯ ಅಂತ ಬರೆದಳು. ಆಮೇಲೆ ಪೇಪರು ಅಲ್ಲೇ ಬಿಟ್ಟು ಒಳಗೆ ಹೋದಳು. ಮತ್ತೆ ಬರಲಿಲ್ಲ.

ನಾನು ಪೇಪರು ಎಳೆದುಕೊಂಡು ನೋಡಿದೆ. ಆ ಪದದ ಎರಡನೇ ಮನೆಯಿಂದ, ಅಂದರೆ ಎರಡನೇ ಅಕ್ಷರದ ಖಾನೆಯಿಂದ, ಕೆಳಕ್ಕೆ ಇಳಿಯುವ ಪದದ ಸುಳಿವು 'ಗಂಡು ಕುರಿ', ಮೂರು ಅಕ್ಷರ. ಟಗರು. ಅಂದರೆ ಎರಡನೇ ಮನೆಯಲ್ಲಿ 'ಟ' ಬರಲೇಬೇಕು. ಉತ್ತರ ದಿಟ. ಅವಳು ಬರೆದ ಖರೆಯೂ ಕೂಡುವುದಿಲ್ಲ, ಹಿರಿಯರು ಬರೆಸಿದ ಸತ್ಯವೂ ಕೂಡುವುದಿಲ್ಲ.

"ಕೆಳಗಿನ ಸುಳಿವು ನೋಡವ್ವಾ, ಟ ಬರ್ತದ" ಅಂದಿದ್ದರೆ ಸಾಕಿತ್ತು. ಅವಳು ತಾನೇ ದಿಟ ಅಂತ ಬರೆದು ಖುಷಿಯಿಂದ ಶಾಲೆಗೆ ಹೋಗುತ್ತಿದ್ದಳು. ತಪ್ಪಿಗೆ ಕಾರಣ ಚೌಕದಲ್ಲೇ ಇತ್ತು. ಅದನ್ನು ಬಿಟ್ಟು ಅವರು ಅವಳ ನಾಲಿಗೆಯಲ್ಲಿ ತಪ್ಪು ಹುಡುಕಿದರು. ನನ್ನ ಸಿಟ್ಟು ಅದಕ್ಕೆ.

ಆ ಪದಗಳನ್ನೇ ಸ್ವಲ್ಪ ನೋಡಿ. 'ನಿಜ' ಅನ್ನುವುದಕ್ಕೆ ಎರಡಕ್ಷರದಲ್ಲಿ ಎಷ್ಟು ಪದಗಳಿವೆ! ಸತ್ಯ, ದಿಟ, ಖರೆ, ತಥ್ಯ, ಋತ, ನನ್ನಿ. ಖರೆ ಹೊರಗಿನದು ಅಂತೀರಿ. ಒಪ್ಪಿದೆ, ಅದು ಮರಾಠಿ ಕಡೆಯಿಂದ ಬಂದದ್ದು. ಸತ್ಯ ಎಲ್ಲಿಂದ ಬಂತು? ಸಂಸ್ಕೃತದಿಂದ. ಹೋಗಲಿ, ಸುಳಿವಿನಲ್ಲಿದ್ದ 'ನಿಜ' ಎಲ್ಲಿಯದು? ಅದೂ ಸಂಸ್ಕೃತದ್ದೇ. ಅಲ್ಲಿ ಅದರ ಅರ್ಥ 'ತನ್ನ, ಸ್ವಂತ' ಅಂತ. ಕನ್ನಡಕ್ಕೆ ಬಂದು 'ಸತ್ಯ' ಅನ್ನುವ ಅರ್ಥ ಪಡೆದು ನಮ್ಮದೇ ಆಗಿಬಿಟ್ಟಿತು. ಅಚ್ಚ ಕನ್ನಡವೇ ಬೇಕೆಂದರೆ ನನ್ನಿ ಅನ್ನಬೇಕು. ಗಂಗ ಅರಸರ ಬಿರುದಿನಲ್ಲಿ 'ನನ್ನಿಯ ಗಂಗ' ಅಂತ ಬರುತ್ತದಲ್ಲ, ಆ ನನ್ನಿ. ಇವತ್ತು ಯಾರ ಮನೆಯಲ್ಲಿ ಅದನ್ನು ಆಡುತ್ತಾರೆ? ಆದರೆ ಖರೆಯನ್ನು ರಾಯಚೂರಿನಲ್ಲಿ ಒಂದು ತಾಸು ಅಡ್ಡಾಡಿದರೆ ನೂರು ಸಲ ಕೇಳುತ್ತೀರಿ. ಹೊರಗಿನಿಂದ ಬಂದ ಎರಡು ಪದಗಳಲ್ಲಿ ಒಂದು ಒಳಗಿನದು, ಇನ್ನೊಂದು ಹಳ್ಳಿಯದು ಅಂತ ಗೆರೆ ಎಳೆದವರು ಯಾರು?

ಇದೇ ಪದಬಂಧದಲ್ಲಿ 'ಮನವಿ ಪತ್ರ, ಎರಡಕ್ಷರ' ಅಂತ ಬಂದರೆ ಎಲ್ಲರೂ 'ಅರ್ಜಿ' ಅಂತ ತುಂಬುತ್ತೇವೆ. ಅದು ಅರಬ್ಬಿ. ಜಮೀನು ಪಾರ್ಸಿ. ಜಿಲ್ಲೆ, ತಾಲೂಕು, ವಕೀಲ ಎಲ್ಲವೂ ಹೀಗೆ ಬಂದವೇ. ಯಾರೂ ತಕರಾರು ಎತ್ತುವುದಿಲ್ಲ. ಆದರೆ 'ಬೇಗ, ಎರಡಕ್ಷರ' ಅಂತ ಬಂದಾಗ ನಮ್ಮ ಹುಡುಗರು ಜಲ್ದಿ ಅಂತ ಬರೆದರೆ ತಕರಾರು. ಶೀಘ್ರ ಬರಿ ಅಂತಾರೆ. ಲಗು ಅಂತ ಬರೆದರೂ ಅದೇ ಮಾತು. ಲಗು ಬೇರೇನಲ್ಲ, ಸಂಸ್ಕೃತದ ಲಘು ನಮ್ಮ ಬಾಯಲ್ಲಿ ಮೆತ್ತಗಾದದ್ದು. ಪುಸ್ತಕದಲ್ಲಿ 'ಲಗುಬಗೆಯಿಂದ ನಡೆದ' ಅಂತ ಓದಿದರೆ ಚಂದ. ಅದೇ ನಮ್ಮಮ್ಮ 'ಲಗೂನ ಬಾ' ಅಂದರೆ ಹಳ್ಳಿ ಮಾತು!

ನಮ್ಮ ಸೀಮೆಯ ಬಾಯಿಗೆ ಇಷ್ಟು ಬಗೆಯ ಪದ ಸುಮ್ನೆ ಬಂದಿಲ್ಲ. ರಾಯಚೂರು, ಕೊಪ್ಪಳ ಎರಡೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1956ರಲ್ಲಿ ಕನ್ನಡ ನಾಡಿಗೆ ಸೇರಿದೆವು. ಕೊಪ್ಪಳ 1997ರವರೆಗೂ ನಮ್ಮ ಜಿಲ್ಲೆಯೊಳಗೇ ಇತ್ತು. ಬಳ್ಳಾರಿ ಮದ್ರಾಸಿನ ಕೈಯಲ್ಲಿತ್ತು, 1953ರಲ್ಲಿ ಮೈಸೂರಿಗೆ ಬಂತು. ಒಂದು ಕಡೆ ಉರ್ದು ಕಚೇರಿ, ಒಂದು ಕಡೆ ತೆಲುಗು ನೆರೆ, ಮೇಲೆ ಮರಾಠಿ ವ್ಯಾಪಾರ. ಅದರ ನಡುವೆ ನಮ್ಮ ಹಿರಿಯರು ಕನ್ನಡ ಬಿಡದೆ ಆಡಿದರು. ಬಂದ ಪದಕ್ಕೆಲ್ಲ ಕನ್ನಡದ ಬಾಲ ಹಚ್ಚಿ ಮನೆಯೊಳಗೆ ಕರೆದುಕೊಂಡರು. ಅದನ್ನೇ ಈಗ ಕನ್ನಡ ಅಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ನನಗೆ ಪದಬಂಧ ಕಲಿಸಿದ್ದು ಅಪ್ಪ. ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರದು ಒಂದೇ ನಿಯಮ. ಸುಳಿವು ಬರೀ ಒಂದು ಪದವಾಗಿದ್ದರೆ ಅದನ್ನು ಮೊದಲು ಮುಟ್ಟಬಾರದು, ಅದಕ್ಕೆ ಉತ್ತರ ಹಲವು ಇರುತ್ತವೆ. 'ಆನೆ, ಎರಡಕ್ಷರ' ಅಂತಿದ್ದರೆ ಗಜ ಆಗಬಹುದು, ಕರಿ ಆಗಬಹುದು, ದಂತಿ, ಹಸ್ತಿ, ಇಭ, ನಾಗ, ದ್ವಿಪ ಆಗಬಹುದು. ದ್ವಿಪ ಅಂದರೆ ಎರಡು ಸಲ ಕುಡಿಯುವುದು, ಸೊಂಡಿಲಿನಿಂದ ಒಮ್ಮೆ, ಬಾಯಿಂದ ಒಮ್ಮೆ ಅಂತ ಅಪ್ಪ ಹೇಳಿದ್ದು ಇನ್ನೂ ನೆನಪಿದೆ. ಅವರು ಪೇಪರಿನ ಅಂಚಿನಲ್ಲಿ ಈ ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ಚೌಕದೊಳಗೆ ಏನೂ ಬರೆಯುತ್ತಿರಲಿಲ್ಲ. ಒಂದೇ ಉತ್ತರ ಇರುವ ಸುಳಿವುಗಳನ್ನು ಮೊದಲು ಮುಗಿಸುತ್ತಿದ್ದರು. ಊರ ಹೆಸರು, ನದಿ ಹೆಸರು, ಪುರಾಣದವರ ಹೆಸರು. ಅಡ್ಡ ಹಾಯುವ ಒಂದು ಅಕ್ಷರ ಸಿಕ್ಕಿದ ಮೇಲೆ ಅಂಚಿಗೆ ಬಂದು ಉಳಿದದ್ದನ್ನು ಹೊಡೆಯುತ್ತಿದ್ದರು. "ಅಡ್ಡಪದ ಒಪ್ಪಬೇಕು, ನಾವು ನೀವು ಒಪ್ಪಿದರ ಆಗೂದಿಲ್ಲ" ಅನ್ನುತ್ತಿದ್ದರು.

ನೀರಿನ ಪದಗಳನ್ನು ಕಲಿಸಿದ ರೀತಿ ಇನ್ನೂ ಚಂದ. ಜಲ, ವಾರಿ, ಅಂಬು, ತೋಯ, ನೀರ ಅಂತ ಸಾಲಾಗಿ ಬರೆದರು. ಪ್ರತಿಯೊಂದರ ಮುಂದೆ 'ಜ' ಹಚ್ಚು ಅಂದರು. ಜಲಜ, ವಾರಿಜ, ಅಂಬುಜ, ತೋಯಜ, ನೀರಜ. ನೀರಿನಲ್ಲಿ ಹುಟ್ಟಿದ್ದು, ಎಲ್ಲವೂ ತಾವರೆ. ಈಗ 'ದ' ಹಚ್ಚು ಅಂದರು. ಜಲದ, ವಾರಿದ, ಅಂಬುದ, ತೋಯದ, ನೀರದ. ನೀರು ಕೊಡುವುದು, ಎಲ್ಲವೂ ಮೋಡ. 'ಧಿ' ಹಚ್ಚಿದರೆ ಜಲಧಿ, ವಾರಿಧಿ, ಅಂಬುಧಿ. ನೀರು ತುಂಬಿಟ್ಟುಕೊಂಡದ್ದು, ಕಡಲು. ಐದು ಪದ ಕಲಿತರೆ ಹತ್ತಿಪ್ಪತ್ತು ಪದ ಕೈಗೆ ಬಂದವು. ಕೊನೆಯ ಮನೆಯಲ್ಲಿ ಜ ಇದೆಯೋ ದ ಇದೆಯೋ ನೋಡಿದರೆ ತಾವರೆಯೋ ಮೋಡವೋ ಗೊತ್ತಾಗುತ್ತದೆ. ಮಳೆಗೆ ಬಾಯಿ ಬಿಟ್ಟು ಕೂರುವ ಊರಿನಲ್ಲಿ ಒಬ್ಬ ಹುಡುಗ ಮೋಡಕ್ಕೆ ಐದು ಹೆಸರು ಕಲಿತ ಖುಷಿ ಎಂಥದ್ದು ಅಂತ ಹೇಳಲಿ?

ಹಾಗಾಗಿ ಸಂಸ್ಕೃತ ಪದಗಳ ಮೇಲೆ ನನಗೆ ಮುನಿಸಿಲ್ಲ. ಅವು ನನಗೆ ಅಪ್ಪ ಕೊಟ್ಟ ಆಸ್ತಿ. ಆದರೆ ಅದೇ ಅಪ್ಪ ಅಂಚಿನ ಪಟ್ಟಿಯಲ್ಲಿ ನಮ್ಮ ಪದವನ್ನೂ ಬರೆಯುತ್ತಿದ್ದರು. ಸೂರ್ಯನಿಗೆ ರವಿ, ಭಾನು, ಅರ್ಕ, ಇನ ಬರೆದು ಕೊನೆಗೆ 'ಹೊತ್ತು' ಅಂತಲೂ ಬರೆಯುತ್ತಿದ್ದರು. ಹೊತ್ತು ಮುಳುಗಿತು ಅಂತೀವಲ್ಲ, ಅದು ಸೂರ್ಯನೇ ಅಲ್ವಾ? ಹೊತ್ತು ಒಪ್ಪುವ ಚೌಕ ಒಂದು ಸಲವೂ ಬರಲಿಲ್ಲ. ಅವರು ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಈಗ ನನ್ನದೂ ಒಂದು ಹೇಳಬೇಕು. ಬೆಂಗಳೂರಿನಲ್ಲಿ ಓದುವಾಗ ತರಗತಿಯಲ್ಲಿ ಒಮ್ಮೆ "ಖರೆ ಸರ್" ಅಂದಿದ್ದೆ. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಆ ಪದ ಬಿಟ್ಟೆ. ಮುಂದೆ ಅವ್ವ ಹಾಸ್ಟೆಲಿಗೆ ಬಂದಿದ್ದಳು, ರೊಟ್ಟಿ ಬುತ್ತಿ ಕಟ್ಟಿಕೊಂಡು. ಗೆಳೆಯರ ಎದುರಿಗೆ "ಖರೇನ ಹೊಟ್ಟಿ ತುಂಬ ಉಣ್ತೀಯೇನು?" ಅಂದಳು. ನಾನು ಮೆಲ್ಲಗೆ "ನಿಜವಾಗ್ಲೂ ಅಂತ ಅನ್ನಬೇಕವ್ವ" ಅಂದೆ. ಅವಳು ಹೂಂ ಅಂದಳು. ಆಮೇಲೆ ನನ್ನ ಗೆಳೆಯರ ಮುಂದೆ ಅವಳು ಮಾತೇ ಆಡಲಿಲ್ಲ. ಸಂಜೆ ಬಸ್ಸು ಹತ್ತುವವರೆಗೂ ತಲೆ ಆಡಿಸಿದ್ದು ಬಿಟ್ಟರೆ ಏನೂ ಇಲ್ಲ. ಇವತ್ತು ಆ ಹುಡುಗಿ ಒಳಗೆ ಹೋದದ್ದು ನೋಡಿದಾಗ ನನಗೆ ಕಂಡದ್ದು ಅವ್ವ. ಹಿರಿಯರ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ನನ್ನ ಗೆಳೆಯನೊಬ್ಬ ಇದಕ್ಕೆ ಒಂದು ಮಾತು ಹೇಳುತ್ತಾನೆ. ಪೇಪರು ಇಡೀ ರಾಜ್ಯಕ್ಕೆ ಹೋಗುತ್ತದೆ, ರಾಯಚೂರಿನ ಪದ ಹಾಕಿದರೆ ಮಂಗಳೂರಿನವರು ಹೇಗೆ ತುಂಬಬೇಕು ಅಂತ. ಕೇಳಲು ಸರಿ ಅನ್ನಿಸುತ್ತದೆ. ಆದರೆ 'ಇಭ' ಅಂತ ಯಾವ ಊರಿನಲ್ಲಿ ಆಡುತ್ತಾರೆ? ಇಭ ಬರ್ತಾ ಇದೆ, ದಾರಿ ಬಿಡಿ ಅಂತ ಯಾರಾದರೂ ಕೂಗಿದ್ದು ಕೇಳಿದ್ದೀರಾ? ಎಲ್ಲರೂ ಅದನ್ನು ಕಲಿತದ್ದು ಪದಬಂಧದಿಂದಲೇ. ಒಮ್ಮೆ ತಪ್ಪಿದೆವು, ಮರುದಿನ ಉತ್ತರ ನೋಡಿದೆವು, ನೆನಪಿಟ್ಟೆವು. 'ಕೆಂಪು ಮಣ್ಣಿನ ಹೊಲ, ಮೂರಕ್ಷರ' ಅಂತ ಹಾಕಿ ಮರುದಿನ 'ಮಸಾರಿ' ಅಂತ ಕೊಡಿ. ಮಂಗಳೂರಿನವರು ಖಂಡಿತ ನೆನಪಿಡುತ್ತಾರೆ. ಕಪ್ಪು ಮಣ್ಣಿಗೆ ಎರೆ. ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ ಹಗೇವು. ಬಿತ್ತುವ ಸಾಧನಕ್ಕೆ ಕೂರಿಗೆ. ಅಡ್ಡ ಹಾಯುವ ಅಕ್ಷರಗಳು ಇದ್ದೇ ಇರುತ್ತವೆ, ಅವು ಕೈ ಹಿಡಿದು ನಡೆಸುತ್ತವೆ.

ಮಂಡಾಳನ್ನೇ ತಗೊಳ್ಳಿ. ಬೆಂಗಳೂರು ಕಡೆ ಪುರಿ, ಎರಡಕ್ಷರ. ದಾವಣಗೆರೆಯಲ್ಲಿ ಮಂಡಕ್ಕಿ, ಮೂರು. ನಮ್ಮಲ್ಲಿ ಮಂಡಾಳು, ಅದೂ ಮೂರು. ಧಾರವಾಡದಲ್ಲಿ ಚುರಮುರಿ, ನಾಲ್ಕು. ಮೂರು ಮನೆ ಕೊಟ್ಟು ಮೊದಲನೆಯದರಲ್ಲಿ 'ಮಂ' ಇಟ್ಟರೆ ಮಂಡಕ್ಕಿಯೋ ಮಂಡಾಳೋ ಹೇಳಲು ಆಗದು. ನಡುವಿನ ಮನೆಯಲ್ಲಿ ಡ ಇದೆಯೋ ಡಾ ಇದೆಯೋ ನೋಡಬೇಕು. ಕನ್ನಡದ ಚೌಕದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಸ್ತ್ರೀ ಕೂಡ ಒಂದೇ ಮನೆ. ಒಂದು ದೀರ್ಘ ತಪ್ಪಿದರೂ ಅಡ್ಡಪದ ಕೆಡುತ್ತದೆ. ಈ ಆಟ ಮೊದಲು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಂತು, ಮಾಡಿದವರು ಆರ್ಥರ್ ವಿನ್. ಅವರ ಇಂಗ್ಲಿಷಿನ 26 ಅಕ್ಷರಗಳಲ್ಲಿ ಈ ಡ, ಡಾ ಸೊಗಸು ಸಿಗುವುದಿಲ್ಲ.

ನಮ್ಮ ಜಿಲ್ಲೆಯ ಮಸ್ಕಿಯನ್ನೂ ನೆನೆಯಬೇಕು. ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ರಾಜನೊಬ್ಬನ ಬಿರುದು ಮತ್ತೆ ಮತ್ತೆ ಬರುತ್ತಿತ್ತು. ಸ್ವಂತ ಹೆಸರು ಮಾತ್ರ ಇರಲಿಲ್ಲ. 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೇ 'ಅಶೋಕ' ಅನ್ನುವ ಹೆಸರು ಸಿಕ್ಕಿತು. ಎರಡೂ ಒಬ್ಬನೇ ಅನ್ನುವುದಕ್ಕೆ ಕಲ್ಲಿನ ಮೇಲೇ ಆಧಾರ ಸಿಕ್ಕಿತು. ಅಷ್ಟು ದೊಡ್ಡ ಸುಳಿವಿಗೆ ಅಡ್ಡಪದ ಕೊಟ್ಟ ನೆಲದ ಮಕ್ಕಳಿಗೆ ನಿನ್ನ ಪದ ಲೆಕ್ಕಕ್ಕಿಲ್ಲ ಅಂತ ಹೇಳಬೇಡಿ.

ಮಧ್ಯಾಹ್ನ ಕೂತು ನಾನೇ ಒಂದು ಚೌಕ ಗೀಚಿದ್ದೇನೆ. ಏಳಕ್ಕೆ ಏಳು ಮನೆ. ಮೊದಲ ಸುಳಿವು 'ನಿಜ', ಎರಡಕ್ಷರ. ಎರಡನೇ ಮನೆಯಿಂದ ಕೆಳಕ್ಕೆ 'ಹಕ್ಕಿ ಹಾರಲು ಇದು ಬೇಕು', ಎರಡಕ್ಷರ. ಅದು ರೆಕ್ಕೆ. ಹಾಗಾಗಿ ಇಲ್ಲಿ ಸತ್ಯವೂ ಕೂಡುವುದಿಲ್ಲ, ದಿಟವೂ ಕೂಡುವುದಿಲ್ಲ. ನಾಳೆ ಮುಂಜಾನೆ ಆ ಹುಡುಗಿಗೆ ಕೊಡುತ್ತೇನೆ. ಹಿರಿಯರೂ ಅಲ್ಲೇ ಇರುತ್ತಾರೆ, ಅವರಿಗೂ ಒಂದು ಪ್ರತಿ.

ಬಲಗಡೆ ಕೆಳಗೆ ಇನ್ನೂ ನಾಲ್ಕು ಪದ ಕೂಡಿಸಬೇಕು. ಸಿಂಧನೂರು, ಗಂಗಾವತಿ, ಕುಷ್ಟಗಿ, ಸಿರುಗುಪ್ಪದವರು ನಿಮ್ಮ ಮನೆಯ ಪದ ಕೊಡಿ. ಮೂರಕ್ಷರದ್ದು ಜಾಸ್ತಿ ಬೇಕು. ಒಂದಾದರೂ 'ಳು'ದಿಂದ ಮುಗಿಯಬೇಕು, ಮಂಡಾಳಿನ ಹತ್ತಿರ ಸಿಕ್ಕಿಕೊಂಡಿದ್ದೇನೆ.