ಉಷ್ಣ ಅಂತೆ, ಉಷ್ಣ!

ನಿನ್ನೆ ಸಂಜೆ ಬಿ.ಪಿ. ಮಾತ್ರೆ ತರೋಕೆ ಮೆಡಿಕಲ್ ಶಾಪಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. "ಬಾಯಿ ಉರಿಯುತ್ತೆ ಅಣ್ಣ, ಖಾರ ತಿನ್ನೋಕೇ ಆಗ್ತಿಲ್ಲ" ಅಂದ. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಉಷ್ಣ ಆಗಿರುತ್ತೆ" ಅಂತ ಒಂದು ಸ್ಟ್ರಿಪ್ ಬಿ ಕಾಂಪ್ಲೆಕ್ಸ್, ಹಚ್ಚಿಕೊಳ್ಳೋಕೆ ಒಂದು ಜೆಲ್ ತೆಗೆದಿಟ್ಟ. ಮುಗೀತು ಚಿಕಿತ್ಸೆ.

ಆ ಹುಡುಗ ಹಲ್ಲು ಕಚ್ಚಿಕೊಂಡೇ ಮಾತಾಡ್ತಿದ್ದ. ನನಗೆ ಸುಮ್ನಿರೋಕೆ ಬರಲ್ಲ, ನಿಮಗೆ ಗೊತ್ತಲ್ಲ. "ಎಷ್ಟು ದಿನ ಆಯ್ತಪ್ಪ?" ಅಂದೆ. "ಆರು ತಿಂಗಳಾಯ್ತು ಆಂಟಿ."

"ಮೂರು ಬೆರಳು ಜೋಡಿಸಿ, ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಇಟ್ಕೋ ನೋಡೋಣ."

ನಕ್ಕ. ಆಮೇಲೆ ಇಟ್ಟುಕೊಂಡ. ಎರಡು ಬೆರಳು ಹೋಗೋದೇ ಕಷ್ಟವಾಯಿತು. ನಗು ನಿಂತಿತು. ಶರ್ಟಿನ ಜೇಬಿನಲ್ಲಿ ಎರಡು ಸ್ಯಾಶೆ ಇಣುಕುತ್ತಿದ್ದವು, ಪಾನ್ ಮಸಾಲ ಒಂದು, ತಂಬಾಕು ಒಂದು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಆಯಿತಲ್ಲ, ಈಗ ಅಂಗೈಯಲ್ಲೇ ಕಲಸಿಕೊಳ್ಳುತ್ತಾರೆ. ಎಂಥಾ ಬ್ಯಾನು!

ಈ ಉಷ್ಣ ಅನ್ನೋ ಪದ ಕೇಳಿದರೆ ನನಗೆ ನಿಜವಾಗಲೂ ಉಷ್ಣ ಏರುತ್ತದೆ. ನನಗೂ ಎರಡು ವರ್ಷ "ಉಷ್ಣ" ಆಗಿತ್ತು. ಆಯಿ ಊರಿಂದ ಒಂದೆಲಗ ಕಳಿಸಿದ್ದೇ ಕಳಿಸಿದ್ದು, ನಾನು ತಂಬುಳಿ ಮಾಡಿದ್ದೇ ಮಾಡಿದ್ದು. ತಂಪು ಅಂತ ಮುರುಗಲು ಪಾನಕ ಕುಡಿದರೆ ಹುಳಿ ತಾಗಿ ಕಣ್ಣಲ್ಲಿ ನೀರು. ನಾಲ್ಕು ಕಡೆ ತೋರಿಸಿದೆ. ನಾಲ್ಕೂ ಕಡೆ ಬಿ ಕಾಂಪ್ಲೆಕ್ಸು. ಒಬ್ಬರೂ ಲೈಟ್ ಹಾಕಿ ಬಾಯೊಳಗೆ ನೋಡಲಿಲ್ಲ. ಕೊನೆಗೆ ಹಲ್ಲು ತುಂಬಿಸೋಕೆ ಹೋದಾಗ ಆ ಡಾಕ್ಟರಮ್ಮ ಕನ್ನಡಿಕಡ್ಡಿಯಲ್ಲಿ ಕೆನ್ನೆ ಸರಿಸಿದವರು ಹಾಗೇ ನಿಂತುಬಿಟ್ಟರು. ಕೆನ್ನೆಯ ಒಳಗೆ ಬಿಳಿ ಗೆರೆಗಳ ಬಲೆ, ಜೇಡ ನೇಯ್ದ ಹಾಗೆ. ನಡುವೆ ಕೆಂಪಗೆ ಸುಲಿದ ಜಾಗ. ಬಯಾಪ್ಸಿ ಮಾಡಿಸಿದರು. ಲೈಕನ್ ಪ್ಲಾನಸ್.

ನಮ್ಮದೇ ರೋಗನಿರೋಧಕ ಕಣಗಳು ಬಾಯಿಯ ಒಳಪದರದ ಮೇಲೆ ಬೀಳುವ ಉರಿಯೂತ ಇದು. ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಉರಿ ಜಾಸ್ತಿಯಾದಾಗ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಳ್ಳಬೇಕು. ಆದರೆ ಬಾಯಲ್ಲಿ ಈ ಲೈಕನ್ ಪ್ಲಾನಸ್ ಇರುವವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಮುಂದೆ ಅಲ್ಲೇ ಕ್ಯಾನ್ಸರ್ ಆಗುತ್ತದೆ. ಕೆಂಪಗೆ ಸುಲಿದ ಬಗೆಯಾದರೆ, ನಾಲಿಗೆ ಮೇಲಿದ್ದರೆ, ಜೊತೆಗೆ ತಂಬಾಕು ಇದ್ದರೆ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು.

ಆ ಹುಡುಗನದು ಬಹುಶಃ ಬೇರೆ ಕಥೆ. ನಾನು ಡಾಕ್ಟರಲ್ಲ, ಆದರೆ ಬಾಯಿ ಹೀಗೆ ಬಿಗಿಯುವುದನ್ನು ಮಲೆನಾಡಲ್ಲಿ ಹುಟ್ಟಿದವರು ನೋಡದೆ ಇರೋದಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನೋ ರಾಸಾಯನಿಕ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಸುತ್ತದೆ, ಕೆನ್ನೆ ಗಟ್ಟಿ ರಟ್ಟಿನ ಹಾಗಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಕೇರಳದ ಎರ್ನಾಕುಲಂನಲ್ಲಿ ಇಂಥ 66 ಜನರನ್ನು 17 ವರ್ಷ ಗಮನಿಸಿದ ಒಂದು ಅಧ್ಯಯನ ಇದೆ, 1985ರಲ್ಲಿ ಬಂದದ್ದು. ಅವರಲ್ಲಿ 5 ಜನರಿಗೆ ಕ್ಯಾನ್ಸರ್ ಬಂತು. ಇದಕ್ಕೆ ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸೋದಾ?

"ಸುಮ್ನೆ ಹೆದರಿಸ್ತೀಯಾ, ಎಲ್ಲಾ ಹುಣ್ಣೂ ಕ್ಯಾನ್ಸರಾ?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಅಲ್ಲ ಮಾರಾಯ್ರೆ. ಸಾಮಾನ್ಯ ಹುಣ್ಣು ಹತ್ತು ಹದಿನೈದು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ ಬಾಯಿ ತೆರೆದು ತೋರಿಸಿ ಅನ್ನುತ್ತಿದ್ದೇನೆ, ಅಷ್ಟೇ. ಆ ನೂರರಲ್ಲಿ ಒಬ್ಬರು ಯಾರು ಅಂತ ನೋಡದೆ ಹೇಗೆ ತಿಳಿಯುತ್ತೆ? ನಾಡಿ ಹಿಡಿದಾ?

ಇನ್ನೊಂದು ವಾದವಂತೂ ನಮ್ಮ ಮನೆಯದ್ದೇ. "ಅಪ್ಪಯ್ಯ 84ನೇ ವಯಸ್ಸಿನ ತನಕ ಎಲೆಅಡಿಕೆ ಕವಳ ಹಾಕಿದರು, ಏನಾಯ್ತು?" ಏನೂ ಆಗಲಿಲ್ಲ, ಸರಿ. ಅದೇ ಬಟ್ಟಲಿನಿಂದ ಕವಳ ಹಾಕುತ್ತಿದ್ದ ಚಿಕ್ಕಪ್ಪನ ಅರ್ಧ ದವಡೆ ತೆಗೆದದ್ದು ಮಾತ್ರ ಯಾರಿಗೂ ನೆನಪಾಗಲ್ಲ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಊರಲ್ಲಿ ಈ ಮಾತು ಎತ್ತಿದರೆ "ನೀನು ಓದಿದ್ದು ಯಾವ ದುಡ್ಡಲ್ಲಿ?" ಅಂತಾರೆ. ಅಡಿಕೆ ದುಡ್ಡಲ್ಲೇ. ಫೀಸು, ಮದುವೆ, ಈಗ ಕೈಯಲ್ಲಿರುವ ಬಳೆ, ಎಲ್ಲಾ ಅದೇ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಇಲ್ಲ ಅಂತ ಚಿಕ್ಕಪ್ಪನ ಮುಖ ಮರೆಯೋಕೂ ಆಗಲ್ಲ.

ಹುಡುಗ "ಎಲ್ಲಿಗೆ ಹೋಗಲಿ ಆಂಟಿ?" ಅಂದ. ಡೆಂಟಲ್ ಕಾಲೇಜಿಗೆ ಹೋಗು, ಓರಲ್ ಮೆಡಿಸಿನ್ ವಿಭಾಗ ಅಂತ ಕೇಳು ಅಂತ ನನ್ನ ಬಿಲ್ಲಿನ ಹಿಂದೆ ಬರೆದುಕೊಟ್ಟೆ. ಮಡಚಿ ಜೇಬಿಗಿಟ್ಟ, ಆ ಸ್ಯಾಶೆಗಳ ಜೊತೆಗೇ. ಬಿ ಕಾಂಪ್ಲೆಕ್ಸನ್ನೂ ತಗೊಂಡ.

ಇಷ್ಟೆಲ್ಲಾ ಉಪದೇಶ ಮಾಡಿದ ಮಹಾತಾಯಿ ಕೊನೆಯ ಸಲ ಚೆಕಪ್‌ಗೆ ಹೋಗಿದ್ದು ಯಾವಾಗ ಗೊತ್ತಾ? ಒಂದೂವರೆ ವರ್ಷದ ಹಿಂದೆ. ಉರಿ ಕಮ್ಮಿಯಾಯಿತು, ಮಗಳ ಪರೀಕ್ಷೆ ಬಂತು... ಸುಳ್ಳು. ಹೆದರಿಕೆ, ಮತ್ತೇನಿಲ್ಲ. ರಾತ್ರಿ ಫೋನಿನ ಟಾರ್ಚ್ ಹಾಕಿ ಕನ್ನಡಿ ಮುಂದೆ ನಿಂತೆ. ಎಡಗೆನ್ನೆಯ ಬಲೆ ಹಾಗೇ ಇದೆ. ಅದರ ಪಕ್ಕ ಕೆಂಪು ಸ್ವಲ್ಪ ಹರಡಿದ ಹಾಗಿದೆ. ಬುಧವಾರ ಹನ್ನೊಂದು ಗಂಟೆಗೆ ಅಪಾಯಿಂಟ್‌ಮೆಂಟ್.